ಇನ್ನೊಂದು ಯಂತ್ರ ಕೊನೆಯ ಪುಟದಲ್ಲಿದೆ

ಅಕ್ಕನಿಗೆ ನಮಸ್ಕಾರ.

ವಿದೇಶದಲ್ಲಿ ಕೊಂಡು ನಿನಗೆ ಕಳಿಸಿದ ಇ-ರೀಡರ್ ಬಗ್ಗೆ ಎರಡು ಮಾತು. ಅದನ್ನು ಅಲ್ಲಿನ ಆನ್‌ಲೈನ್ ಪುಸ್ತಕದಂಗಡಿಯ ನನ್ನ ಖಾತೆಗೆ ಜೋಡಿಸಿದ್ದೇನೆ. ಅದು 'ದೇಶ ಬದಲಾಯಿಸಲೇ?' ಎಂದು ಕೇಳಿದರೆ 'ಬೇಡ' ಒತ್ತು. ಒಪ್ಪಿದರೆ ಕೊಂಡ ಪುಸ್ತಕಗಳಿಗೆಲ್ಲ ಬೀಗ ಬೀಳುತ್ತದೆ. ವಿಳಾಸದ ಜಾಗದಲ್ಲಿ ನಾನು ನಾಲ್ಕು ದಿನ ಇಳಿದುಕೊಂಡಿದ್ದ ಹೋಟೆಲಿನದಿದೆ. ಅದು ಹಾಗೇ ಇರಲಿ.

ಅಪ್ಪನ ಪುಸ್ತಕದಂಗಡಿಯನ್ನು ನಾನು ನಿನ್ನನ್ನು ಕೇಳದೆ ಮಾರಿದ ಮೇಲೆ ನೀನು ಮಾತು ಬಿಟ್ಟು ಆರು ವರ್ಷವಾಯಿತು. ಕೇಳಬೇಕಿತ್ತು. ಮೊನ್ನೆ ಭಾವ ಫೋನಿನಲ್ಲಿ, "ಅವಳು ನೀನು ಕಳಿಸಿದ್ದನ್ನ ಮುಟ್ಟೂ ನೋಡಿಲ್ಲಪ್ಪ, ಹೊಲಿಗೆ ಮಿಷನ್ ಡ್ರಾಯರಲ್ಲಿ ಬಿದ್ದಿದೆ. ನಿನ್ನ ಹಾಗೇ ಹಟಮಾರಿ" ಎಂದರು. ನಾನು ಹೂಂಗುಟ್ಟಿದೆ.

ಆದರೆ ಖಾತೆ ಒಂದೇ ಆದ್ದರಿಂದ ನಿನ್ನ ಯಂತ್ರಕ್ಕೂ ನನ್ನದಕ್ಕೂ ಇರುವುದು ಒಂದೇ ಕಪಾಟು. ಒಂದು ಇನ್ನೊಂದರ ಮೇಲೆ ಚಾಡಿ ಹೇಳುತ್ತದೆ. ನಾನು ಓದುತ್ತಿರುವ ಕಾದಂಬರಿಯಲ್ಲಿ ಹನ್ನೆರಡನೆಯ ಪುಟದಲ್ಲಿದ್ದೆ. ನಿನ್ನೆ ತೆರೆದರೆ, 'ಇನ್ನೊಂದು ಯಂತ್ರ ಕೊನೆಯ ಪುಟದಲ್ಲಿದೆ, ಅಲ್ಲಿಗೆ ಹೋಗಲೇ?' ಎಂದು ಕೇಳಿತು. ಕೊನೆಯ ಪುಟದಿಂದ ಓದು ಶುರುಮಾಡುವವರು ನಮ್ಮ ಮನೆಯಲ್ಲಿ ಒಬ್ಬರೇ. "ಕೊನೆ ನೋಡದೆ ಪುಸ್ತಕ ಕೊಳ್ಳೋದು ಮುಖ ನೋಡದೆ ಮದುವೆಯಾದ ಹಾಗೆ" ಎಂದು ಅಪ್ಪನ ಗಿರಾಕಿಗಳಿಗೂ ಹೇಳುತ್ತಿದ್ದವಳು ನೀನು.

ನಾನು 'ಬೇಡ' ಒತ್ತಿದ್ದೇನೆ. ಕೊನೆಯಲ್ಲಿ ಏನಾಗುತ್ತದೆ ಎಂದು ಪತ್ರದಲ್ಲಿ ಬರೆದು ಕೆಡಿಸಬೇಡ. ಹೇಳದೆ ಇರಲಾಗದಿದ್ದರೆ ಫೋನ್ ಮಾಡಿ ಹೇಳು. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ.

ಇನ್ನೂ ಹನ್ನೆರಡನೆಯ ಪುಟದಲ್ಲಿರುವ,
ನಿನ್ನ ತಮ್ಮ