ಮಡಿಯ ಹೊತ್ತಿನ ಕರೆ

ಸವಣೂರು, ಸೋಮವಾರ

ಅಪ್ಪಾ,

ಬಿಬಿಎಯಲ್ಲಿ ಕಾಲೇಜಿಗೇ ಮೊದಲು ಬಂದರೆ ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಓದಿಸುತ್ತೇನೆ ಎಂದಿರಿ. ಬಂದೆ. ಅಮ್ಮ ಹೋದ ಮೇಲೆ ಅಡುಗೆಗೆ ಜನ ಇಡುತ್ತೇನೆ ಎಂದಿರಿ. ಇಡಲಿಲ್ಲ.

ಕಳೆದ ವಾರ ಜರ್ಮನಿಯ ವಿಶ್ವವಿದ್ಯಾಲಯದಿಂದ ಸಂದರ್ಶನದ ಕರೆ ಬಂದಾಗ ನಾನು ಮಡಿಯುಟ್ಟು ಅಜ್ಜನಿಗೆ ಅನ್ನ ಬಸಿಯುತ್ತಿದ್ದೆ, ಫೋನು ಮುಟ್ಟುವಂತಿರಲಿಲ್ಲ. "ಬಿಡವಾ, ಆ ದೇಶದಾಗ ಮಡಿ ಎಲ್ಲದ?" ಎಂದು ಅಜ್ಜ ನಕ್ಕರು. ಪಕ್ಕದಲ್ಲೇ ಕೂತಿದ್ದ ಅಣ್ಣ ಪವನ, "ಫೋನು ನಿಂದು, ನಾ ಯಾಕ ಎತ್ಲಿ?" ಎಂದ.

ಕಾಲೇಜಿನವರನ್ನು ಕಾಡಿ ಬೇಡಿ ಇನ್ನೊಂದು ಅವಕಾಶ ಪಡೆದಿದ್ದೇನೆ. ಮೂರನೆಯದಿಲ್ಲ. ಪವನನಿಗೂ ಮುಂಜಿಯಾಗಿದೆ, ಎರಡು ಕೈಗಳಿವೆ. ಅಂದು ಮಡಿಯುಟ್ಟು ಅವನೇ ಬೇಯಿಸಲಿ. ಇದನ್ನು ನೀವೇ ಹೇಳಬೇಕು. ನಾನು ಹೇಳಿದರೆ ಅಜ್ಜ ಊಟ ಬಿಡುತ್ತಾರೆ.

ಕರೆ ಬರುವುದು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ.

ವೃಂದಾ