ಬ್ರೇಕ್ ಉಳಿಯಿತು

ಆಸ್ಪತ್ರೆ, ಎರಡನೇ ಮಹಡಿ
ಮಾರ್ಚ್ ೧೨, ಬೆಳಿಗ್ಗೆ

ಮುದ್ದು ಮಗನೇ,

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯ ತಾನೆ? ಹಡಗಿನ ಇಂಜಿನ್ ಪಕ್ಕದಲ್ಲೇ ಮಲಗಬೇಡ, ಕಿವಿ ಹೋದೀತು. ನಿಮ್ಮಪ್ಪನಿಗೆ ಆಪರೇಷನ್ ಆಯಿತು. ಗಾಬರಿಯಾಗಬೇಡ, ಚೆನ್ನಾಗಿದ್ದಾರೆ. ನೀನು ನಡುಸಮುದ್ರದಲ್ಲಿದ್ದೆ, ಅದಕ್ಕೇ ಮೊದಲು ಹೇಳಲಿಲ್ಲ. ಕೋಪ ಮಾಡ್ಕೋಬೇಡ.

ಕರುಳಿನ ಕೊನೆಯಲ್ಲಿ ಕ್ಯಾನ್ಸರ್ ಗಡ್ಡೆ ಅಂದಾಗ ಅವರು ಹೆದರಿದ್ದು ಸಾವಿಗಲ್ಲ, ಚೀಲಕ್ಕೆ. ಮೊದಲು ನೋಡಿದ ಡಾಕ್ಟರು, ಮಲದ್ವಾರ ಮುಚ್ಚಿ ಜೀವನಪೂರ್ತಿ ಹೊಟ್ಟೆಗೆ ಚೀಲ ಅಂಟಿಸಬೇಕಾಗಬಹುದು ಅಂದಿದ್ದರು. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ. ಚೀಲ ಕಟ್ಟಿಕೊಂಡು ಸ್ಟೇರಿಂಗ್ ಹಿಡಿಯಲ್ಲ, ಆಪರೇಷನ್ನೇ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಬೈದೆ, ಬೇಡಿಕೊಂಡೆ, ಎರಡು ದಿನ ಮಾತು ಬಿಟ್ಟೆ. ಜಗ್ಗಲಿಲ್ಲ. ಇಲ್ಲಿನ ಸರ್ಜನ್ ಒಬ್ಬ ಹೆಣ್ಣುಮಗಳು, ನನ್ನ ಭುಜದಷ್ಟು ಎತ್ತರ. ಸ್ಟೂಲ್ ಎಳೆದು ಕೂತು, ಕಾಗದದ ಮೇಲೆ ಕರುಳು ಬರೆದು ತೋರಿಸಿದರು. ಹೊಟ್ಟೆ ಉದ್ದಕ್ಕೆ ಕೊಯ್ಯದೆ ಐದು ಸಣ್ಣ ತೂತು ಮಾಡಿ ಗಡ್ಡೆ ತೆಗೆದು, ಮಲ ತಡೆಯುವ ಸ್ನಾಯು ಉಳಿಸಿ ಕರುಳು ಜೋಡಿಸಲು ನೋಡ್ತೀನಿ ಅಂದರು. ಆಮೇಲೆ, “ಸ್ನಾಯು ಉಳಿಸೋಕೆ ಹೋಗಿ ರೋಗ ಬಿಟ್ಟು ಬರಲ್ಲ. ಆಗಲ್ಲ ಅನ್ನಿಸಿದರೆ ಚೀಲ ಹಾಕ್ತೀನಿ. ಒಪ್ಪಿಗೆನಾ?” ಅಂತ ಕೇಳಿದರು. ಅಪ್ಪ ಚಿತ್ರದಲ್ಲಿ ಆ ಸ್ನಾಯುವಿನ ಮೇಲೆ ಬೆರಳಿಟ್ಟರು. “ಬ್ರೇಕ್ ಉಳಿಸೋಕೆ ನೋಡಿ ತಾಯಿ” ಅಂದು ಸಹಿ ಹಾಕಿದರು.

ಐದು ತಾಸು ಬೆಂಚಿನ ಮೇಲೆ ಕೂತಿದ್ದೆ. ಗಡ್ಡೆ ಪೂರ್ತಿ ಬಂತು, ಸ್ನಾಯು ಉಳಿದಿದೆ ಅಂತ ಸರ್ಜನ್ ಬಂದು ಹೇಳಿದರು. ಜೋಡಿಸಿದ ಜಾಗ ಮಾಯುವವರೆಗೆ ಮೂರು ತಿಂಗಳು ಮಾತ್ರ ಚೀಲ, ಆಮೇಲೂ ಸ್ವಲ್ಪ ಕಾಲ ಅವಸರ ತಡೆಯೋದು ಕಷ್ಟವಂತೆ. ಎಚ್ಚರವಾದ ಕೂಡಲೇ ಅಪ್ಪ ಹೊಟ್ಟೆ ತಡಕಿದರು. ಚೀಲ ಕೈಗೆ ಸಿಕ್ಕಿ ಮುಖ ಕಪ್ಪಿಟ್ಟಿತು. ಮೂರೇ ತಿಂಗಳು ಅಂತ ಕಿವಿಯಲ್ಲಿ ಹೇಳಿದೆ. ನನ್ನ ಕೈ ಹಿಡಿದು ಅತ್ತರು ಮಗನೇ. ಮದುವೆಯಾದಾಗಿನಿಂದ ಅವರು ಅತ್ತಿದ್ದು ನೋಡಿದ್ದೇ ಈಗ. ಇವತ್ತು ಕಾರಿಡಾರಿನಲ್ಲಿ ನಡೀತಾ, ಎದುರು ಬಂದ ಔಷಧಿ ಗಾಡಿಗೆ ಬಾಯಲ್ಲೇ ಹಾರ್ನ್ ಹೊಡೆದು ನರ್ಸಮ್ಮನ ಹತ್ತಿರ ಬೈಸಿಕೊಂಡರು.

ನಿನ್ನ ತಲೆ ಮೇಲೆ ನಮ್ಮಿಬ್ಬರ ಕೈ ಇದೆ ಅಂದುಕೋ.

ನಿನ್ನ ಅಮ್ಮ

ತಾ.ಕ.: ಹೋದ ಸಲ ಫೋನಿನಲ್ಲಿ, ಕಕ್ಕಸಿನಲ್ಲಿ ರಕ್ತ ಬೀಳುತ್ತೆ, ಮೂಲವ್ಯಾಧಿ ಇರಬೇಕು ಅಂತ ನಕ್ಕೆಯಲ್ಲ, ಅಪ್ಪನೂ ಎಂಟು ತಿಂಗಳು ಹಾಗೇ ಅಂದುಕೊಂಡು ಸುಮ್ಮನಿದ್ದರು. ನಿನ್ನದು ಬರೀ ಮೂಲವ್ಯಾಧಿಯೇ ಇರಬಹುದು. ಆದರೂ ಕಾಯಬಾರದು, ಕರುಳಿಗೆ ಕ್ಯಾಮೆರಾ ಹಾಕಿ ನೋಡಿಸಲೇಬೇಕು ಅಂದಿದ್ದಾರೆ ಸರ್ಜನ್. ನಿನ್ನ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ. ಬಂದರಿನಲ್ಲಿ ಈ ಕಾಗದ ಸಿಕ್ಕ ದಿನವೇ ಆಸ್ಪತ್ರೆಗೆ ಹೋಗು. ಕೆಲಸ ಹೋದರೆ ಹೋಗಲಿ ಮಗನೇ, ಇಳಿ.