ಗೆರೆ ನಿನ್ನದು, ಧೂಳು ನನ್ನದು

ಚಾಮರಾಜಪೇಟೆ
ಮಂಗಳವಾರ, ೧೧ ನವೆಂಬರ್ ೨೦೨೫

ನನ್ನ ಹೆಸರು ಕೇಳಿದ್ರೇ ಉರಿದು ಬೀಳೋ ಮಾಧುಗೆ,

ಇದನ್ನ ಹರಿದು ಹಾಕೋ ಮೊದಲು ಲಕೋಟೆಯಲ್ಲಿರೋ ಎರಡು ಪ್ರಿಂಟ್ ನೋಡು. ಆಮೇಲೆ ಹರಿ, ಸುಡು, ನಿನ್ನಿಷ್ಟ. ಫೋನ್ ಬ್ಲಾಕ್ ಮಾಡಿದ್ದೀಯ, ಮೇಲ್‌ಗೆ ಉತ್ತರ ಇಲ್ಲ. ಅದಕ್ಕೇ ಹದಿಮೂರು ವರ್ಷದ ಸಂಸಾರದಲ್ಲಿ ಮೊದಲನೇ ಸಲ ನಿನಗೆ ಕಾಗದ ಬರೀತಿದ್ದೀನಿ. ಮಲ್ಲೇಶ್ವರಕ್ಕೆ ನಾನೇ ಬಂದು ವಾಣಿ ಅಕ್ಕನ ಕೈಗೆ ಕೊಟ್ಟು ಹೋಗ್ತೀನಿ, ಮೆಟ್ಟಿಲು ಹತ್ತಲ್ಲ. ನಿನ್ನ ಅಕ್ಕನೂ ನನ್ನ ಮುಖ ನೋಡಲ್ಲ ಅಂದ್ರೆ ಗೇಟಿಗೆ ನೇತು ಹಾಕಿರೋ ಹಾಲಿನ ಚೀಲದೊಳಗೆ ಹಾಕಿ ಬರ್ತೀನಿ.

ಭಾನುವಾರ ಬಸವನಗುಡಿಯ ಆ ಸಭೆಯಲ್ಲಿ ನೀನು ಜನರೆದುರಿಗೆ ನಿನ್ನ ಚಿತ್ರಕಥೆಯ ಭಾಗಜ್ಜಿಯನ್ನ ಬಿಡಿಸ್ತೀಯಂತೆ. ಕೈ ಮೇಲೆ ಕ್ಯಾಮೆರಾ ಇಟ್ಟು ಪರದೆ ಮೇಲೆ ದೊಡ್ಡದಾಗಿ ತೋರಿಸ್ತಾರಂತೆ. ಪೋಸ್ಟರ್ ನೋಡಿದೆ. ಬೇಡ ಮಾಧು. ಕಾಲಿಗೆ ಬೀಳು ಅಂದ್ರೆ ಬೀಳ್ತೀನಿ. ಅದಕ್ಕಿಂತ ಮೊದಲು, ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಜೊತೆ ನರಗಳ ಡಾಕ್ಟರ ಹತ್ತಿರ ಬಾ.

ಸುತ್ತಿ ಬಳಸಿ ಹೇಳೋಕೆ ಹೋಗಿ ಮೂರು ಹಾಳೆ ಹಾಳು ಮಾಡಿದೆ. ನಿನ್ನ ಕೈ ನಡುಗ್ತಾ ಇದೆ. ಹದಿನಾಲ್ಕು ತಿಂಗಳಿಂದ ನಡುಗ್ತಾ ಇದೆ. ಅದು ನನಗೆ ಗೊತ್ತಿತ್ತು.

ದೀಪಾವಳಿ ಮುಗಿದ ಮಾರನೇ ದಿನ ನೀನು ಲ್ಯಾಪ್‌ಟಾಪ್ ನನ್ನ ಮುಂದೆ ಇಟ್ಟು ಕೇಳಿದ್ದು ಒಂದೇ ಪ್ರಶ್ನೆ, 'ನನ್ನ ಗೆರೆ ನಿನಗೆ ಸಾಲಲಿಲ್ವಾ ಬದರಿ?' ಒಂದೊಂದೇ ಫೈಲ್ ತೆರೆದು, ನಾನು ಶುದ್ಧ ಮಾಡಿದ ಮೇಲಿನ ಪದರದ ಲೇಯರ್ ಆಫ್ ಮಾಡಿ, ಕೆಳಗಿದ್ದ ನಿನ್ನ ಮೂಲ ಗೆರೆ ತೋರಿಸಿದೆ. ಅಜ್ಜಿಯ ಸೆರಗು, ಕಿಟಕಿ ಸರಳು, ಬೆಕ್ಕಿನ ಮೀಸೆ, ಎಲ್ಲದರ ಮೇಲೂ ನಾನು ಮತ್ತೆ ಎಳೆದಿದ್ದೆ. ಒಂದು ವರ್ಷ ಜನ ನೋಡಿದ್ದು ನನ್ನ ಗೆರೆ ಅಂತ ನಿನಗೆ ಅವತ್ತು ಗೊತ್ತಾಯಿತು. ಗಂಡನಿಗೆ ಹೆಂಡತಿಯ ಕಲೆ ಮೇಲೆ ತಾತ್ಸಾರ ಅಂತ ನೀನು ತಿಳಿದುಕೊಂಡ್ರೂ ಪರವಾಗಿಲ್ಲ, ನಿಜ ಗೊತ್ತಾಗದಿದ್ರೆ ಸಾಕು ಅನ್ನಿಸಿತು. ನೀನು ಬ್ಯಾಗ್ ತುಂಬಿಕೊಂಡೆ. ನಾನು ಅದರ ಜಿಪ್ಪು ಎಳೆದುಕೊಟ್ಟೆ. ನನ್ನಂಥ ದಡ್ಡ ಈ ಪೇಟೆಯಲ್ಲೇ ಇಲ್ಲ.

ಮೊದಲಿಂದ ಹೇಳ್ತೀನಿ. ಭಾಗಜ್ಜಿ ಕಥೆಯ ಮೊದಲನೇ ಕಂತು ನೆಟ್ಟಲ್ಲಿ ಹಾಕಿದ ಶುಕ್ರವಾರ ನಾವು ಮಾಡಿಕೊಂಡ ಒಪ್ಪಂದ ನಿಂದೇ, ಗೆರೆ ನಂದು, ಧೂಳು ನಿಂದು ಅಂತ. ನೀನು ನೀಲಿ ಪೆನ್ಸಿಲಲ್ಲಿ ಬರೆದು, ನಿಬ್ಬಲ್ಲಿ ಇಂಕ್ ಎಳೆದು, ಹಸಿ ಹಾಳೆಯನ್ನ ನನ್ನ ಕೈಗೆ ಕೊಡ್ತಿದ್ದೆ. ನಾನು ಬಟ್ಟೆ ಒಣಹಾಕೋ ದಾರಕ್ಕೆ ಕ್ಲಿಪ್ ಹಾಕಿ ಆರಿಸಿ, ಸ್ಕ್ಯಾನ್ ಮಾಡಿ, ನೀಲಿ ತೆಗೆದು, ಕಪ್ಪನ್ನ ಕಪ್ಪು ಮಾಡಿ, ಧೂಳಿನ ಚುಕ್ಕಿ ಹೆಕ್ತಿದ್ದೆ. ಗೆರೆಯಲ್ಲಿ ಎಲ್ಲಾದ್ರೂ ಬಿರುಕಿದ್ರೆ ಕಂಪ್ಯೂಟರಲ್ಲಿ ಬಣ್ಣ ಸುರಿದಾಗ ಸೋರಿ ಹೋಗುತ್ತಲ್ಲ, ಅದನ್ನಷ್ಟು ಮುಚ್ಚೋದು. ಪ್ರಿಂಟಿಂಗ್ ಪ್ರೆಸ್ಸಲ್ಲಿ ಇಪ್ಪತ್ತು ವರ್ಷ ಮದುವೆ ಪತ್ರಿಕೆಯ ಗಣಪತಿ ಚಿತ್ರಗಳ ಕೊಳೆ ತೊಳೆದ ಕೈ ಇದು, ಅಷ್ಟು ಬರುತ್ತೆ. ನೀನೋ, ಕೊಟ್ಟ ಹಾಳೆಯನ್ನ ಮತ್ತೆ ಕಣ್ಣೆತ್ತಿ ನೋಡಿದವಳಲ್ಲ. ನಿಮ್ಮ ಭಾಗೀರಥಮ್ಮಜ್ಜಿ ಗವಿಪುರದ ಮನೆ ಬಾಗಿಲಿಗೆ ರಂಗೋಲಿ ಹಾಕಿ ಎದ್ದರೆ ತಿರುಗಿ ನೋಡ್ತಿರಲಿಲ್ಲವಂತೆ, ಎಳೆ ತಪ್ಪಿದ್ರೂ ಅಳಿಸ್ತಿರಲಿಲ್ಲವಂತೆ. ಅಜ್ಜಿಯನ್ನ ಕಥೆಗೆ ತಂದವಳು ಅಜ್ಜಿಯ ಹಟವನ್ನೂ ತಂದೆ. ನಿನ್ನ ಚಿತ್ರವನ್ನ ನೀನು ನೋಡ್ತಿದ್ದದ್ದು ಶುಕ್ರವಾರ, ಫೋನಿನಲ್ಲಿ, ನಾನು ತೊಳೆದು ಕೊಟ್ಟ ಮೇಲೆ.

ಹೋದ ವರ್ಷ ಗೌರಿ ಹಬ್ಬದ ವಾರ ಭಾಗಜ್ಜಿಯ ಸೆರಗಿನ ಗೆರೆಯನ್ನ ನಾಲ್ಕು ಪಟ್ಟು ಹಿಗ್ಗಿಸಿದಾಗ ಗರಗಸದ ಅಂಚಿನ ಹಾಗೆ ಕಂಡಿತು. ಸ್ಕ್ಯಾನರ್ ಕೆಟ್ಟಿದೆ ಅಂದುಕೊಂಡೆ. ಒಳಗಿನ ಬೆಲ್ಟ್ ಸಡಿಲ ಆದ್ರೆ ಹಾಗಾಗುತ್ತೆ, ಪ್ರೆಸ್ಸಲ್ಲಿ ನೋಡಿದ್ದೀನಿ. ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಕಲಾಸಿಪಾಳ್ಯದ ಲಕ್ಷ್ಮಯ್ಯನವರ ರಿಪೇರಿ ಅಂಗಡಿಗೆ ಹೋದೆ. ಅವರು ಬಿಚ್ಚಲೂ ಇಲ್ಲ. ಗಾಜಿನ ಮೇಲೆ ಸ್ಟೀಲ್ ಸ್ಕೇಲು ಇಟ್ಟು ಸ್ಕ್ಯಾನ್ ಮಾಡಿ ತೋರಿಸಿದ್ರು. ಸ್ಕೇಲಿನ ಅಂಚು ನೆಟ್ಟಗೆ ಬಂದಿತ್ತು. 'ಮಿಷನ್ ಚೆನ್ನಾಗೇ ಇದೆ ಸ್ವಾಮಿ. ಬರೆದವರನ್ನ ಕೇಳಿ' ಅಂದ್ರು.

ಮನೆಗೆ ಬಂದಾಗ ಏನಾಗಿತ್ತಂತೆ ಅಂತ ನೀನು ಕೇಳಿದೆ. ಬೆಲ್ಟ್ ಹಾಕಿಸಿದೆ, ಸರಿಹೋಯ್ತು ಅಂದೆ. ನೀನು ಸದ್ಯ ಅಂದು ಬದನೆಕಾಯಿ ಹೆಚ್ಚೋಕೆ ಕೂತೆ.

ಯಾಕೆ ಹಾಗೆ ಹೇಳಿದೆ ಅಂದ್ರೆ ನಿಮ್ಮಪ್ಪ. ಕೊನೆಯ ಆರು ವರ್ಷ ರಾಮಾನುಜ ಮಾವನ ಕೈಯನ್ನ ನಾವಿಬ್ಬರೂ ನೋಡಿದ್ದೀವಲ್ಲ. ಪೂಜೆಯ ಉದ್ಧರಣೆ ಚಮಚ ಎತ್ತಿದ್ರೆ ತೀರ್ಥ ಅಂಗೈಗೆ ಬೀಳೋ ಮೊದಲೇ ಪಂಚೆ ಮೇಲೆ ಬೀಳ್ತಿತ್ತು. ಅವರ ವೈಕುಂಠ ಸಮಾರಾಧನೆ ಮುಗಿದ ಸಂಜೆ, ಊಟದ ಎಲೆ ತೆಗೆದ ಹಾಲ್‌ನಲ್ಲಿ ಕೂತು ನೀನು ಒಂದು ಮಾತು ಅಂದೆ. ನನ್ನ ಕೈ ಹೀಗಾದ ದಿನ ನಾನು ಇರಲ್ಲ ಅಂದೆ. ಅಳ್ತಾ ಹೇಳಿದ್ರೆ ಮರೀತಿದ್ದೆನೋ ಏನೋ. ನೀನು ಸಾರಿಗೆ ಉಪ್ಪು ಕಮ್ಮಿ ಆಗಿತ್ತು ಅನ್ನೋ ಹಾಗೆ ಹೇಳಿದೆ. ಲಕ್ಷ್ಮಯ್ಯನವರ ಅಂಗಡಿಯಿಂದ ಬರುವಾಗ ಆಟೋ ತುಂಬ ಅದೇ ಮಾತು ಕೇಳಿಸ್ತಿತ್ತು.

ಅಂದಿನಿಂದ ಪ್ರತಿ ಗುರುವಾರ ನಿನ್ನ ಗೆರೆ ಮೇಲೆ ನಾನು ಗೆರೆ ಎಳೆದೆ. ಮೊದಮೊದಲು ಕಂತಿಗೆ ಅರ್ಧ ಗಂಟೆ ಆಗ್ತಿತ್ತು. ಈಚೆಗೆ ಇಡೀ ದಿನ ಹಿಡೀತಿತ್ತು. ಪ್ರೆಸ್ಸಿಗೆ ರಜೆ ಹಾಕಿ ಕೂರ್ತಿದ್ದೆ, ನಿನಗೆ ಬೆನ್ನುನೋವು ಅಂತ ಹೇಳ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಗೆರೆ ನೆಟ್ಟಗಾದ್ರೆ ಕೈಯೂ ನೆಟ್ಟಗಾಯ್ತು ಅಂತ ನಾನೂ ಸ್ವಲ್ಪ ನಂಬಿದ್ದೆ. ಇನ್ನೊಂದು ಅಸಹ್ಯವನ್ನೂ ಹೇಳಿಬಿಡ್ತೀನಿ. ಎಂಥಾ ಗಟ್ಟಿ ಕೈ ಈ ಹೆಂಗಸಿನದ್ದು ಅಂತ ಜನ ಬರೆದಾಗ ನನಗೆ ಒಳಗೊಳಗೇ ಹಿಗ್ಗಾಗ್ತಿತ್ತು. ನೀನು ಅಂದ ಮಾತಿನ ಭಯಕ್ಕೆ ಮಾತ್ರ ಮಾಡಿದೆ ಅಂದ್ರೆ ಪೂರ್ತಿ ನಿಜ ಅಲ್ಲ.

ಆಮೇಲೆ ನೂರಾ ಹನ್ನೆರಡನೇ ಕಂತು ಬಂತು. ಆಸ್ಪತ್ರೆಯಲ್ಲಿ ಮಲಗಿರೋ ಹೂವು ಮಾರೋ ಮುನಿಯಕ್ಕನ ಬಾಯಿಗೆ ಭಾಗಜ್ಜಿ ಚಮಚದಲ್ಲಿ ಗಂಜಿ ಹಾಕೋದು. ಅಜ್ಜಿಯ ಕೈ ನಡುಗಿದ ಹಾಗಿತ್ತು. ಎರಡು ವರ್ಷದಲ್ಲಿ ಯಾವ ಚಿತ್ರಕ್ಕೂ ಅಷ್ಟು ಜನ ಬರೆದಿರಲಿಲ್ಲ. ಯಾರೋ ತಮ್ಮ ತಾಯಿಯ ಕೈ ನೆನಪಾಗಿ ಬಸ್ಸಲ್ಲೇ ಅತ್ತರಂತೆ. ನೀನು ಫೋನ್ ಹಿಡ್ಕೊಂಡು ಬಂದು ನಿಂತೆ. ನಾನು ಹೀಗೆ ಬಿಡಿಸೇ ಇಲ್ಲ, ಅಜ್ಜಿ ಕೈ ಯಾಕೆ ನಡುಗುತ್ತೆ ಅಂತ ಕೇಳಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಅದೊಂದನ್ನ ನಾನೇ ನಡುಗೋ ಹಾಗೆ ಮಾಡಿದೆ, ಚೆನ್ನಾಗಿರುತ್ತೆ ಅನ್ನಿಸ್ತು, ತಪ್ಪಾಯ್ತು ಅಂದೆ. ಗೆರೆಗೆ ಕೈ ಹಾಕಿದ್ಯಾ ಅಂತ ನೀನು ಒಂದು ವಾರ ಮಾತು ಬಿಟ್ಟೆ. ಒಂದರಲ್ಲಿ ಕೈ ಹಾಕಿದವನು ಬೇರೆಯದರಲ್ಲಿ ಹಾಕಿಲ್ಲ ಅಂತ ಏನು ಗ್ಯಾರಂಟಿ ಅನ್ನೋ ಅನುಮಾನ ನಿನಗೆ ಬಂದದ್ದು ಅಲ್ಲಿಂದಲೇ. ಮುಂದಿನದ್ದು ನಿನಗೆ ಗೊತ್ತು.

ಹೋಗುವಾಗ ನೀನು ಅಂದದ್ದಕ್ಕೆ ಈಗ ಉತ್ತರ ಕಳಿಸ್ತಿದ್ದೀನಿ. ಅಷ್ಟು ಹಿಗ್ಗಿಸಿ ನೋಡಿದ್ರೆ ಯಾರ ಗೆರೆ ತಾನೇ ನೆಟ್ಟಗಿರುತ್ತೆ, ಕೈಯಲ್ಲಿ ಬರೆದದ್ದು ಕೈಯಲ್ಲಿ ಬರೆದ ಹಾಗೇ ಇರಬೇಕು ಅಂತ ನೀನು ಅಂದೆ. ಅದಕ್ಕೇ ಈ ಎರಡು ಪ್ರಿಂಟ್. ಒಂದು ಮೂರನೇ ಕಂತು, ಇನ್ನೊಂದು ನೂರಾ ಹದಿನಾಲ್ಕನೆಯದು. ಎರಡೂ ನಾನು ಮುಟ್ಟದ ಸ್ಕ್ಯಾನ್, ಅದೇ ಸೆರಗು, ಅಷ್ಟೇ ಹಿಗ್ಗಿಸಿದ್ದು. ಪಕ್ಕ ಪಕ್ಕ ಇಟ್ಟು ನೋಡು. ಮೂರನೆಯದರಲ್ಲಿ ನಿನ್ನ ಗೆರೆ ಹಾಲು ಸುರಿದ ಹಾಗಿದೆ.

ಹೋದ ಶುಕ್ರವಾರ ನೀನೇ ಫೋನಲ್ಲಿ ಫೋಟೋ ಹೊಡೆದು ಕಂತು ಹಾಕಿದೆ, ಇನ್ಮೇಲೆ ಇದೇ ನನ್ನ ಗೆರೆ, ಯಾರೂ ತಿದ್ದಿಲ್ಲ ಅಂತ ಕೆಳಗೆ ಬರೆದೆ. ಬಸ್ಸಲ್ಲಿ ಕೂತು ಬಿಡಿಸಿದ್ರಾ ಮೇಡಂ ಅಂತ ಒಬ್ಬ ಕೇಳಿದ್ದಾನೆ. ಹೊಸ ನಿಬ್ಬು ಅಂತ ಉತ್ತರ ಕೊಟ್ಟಿದ್ದೀಯ. ನಿನ್ನ ಮೇಜಿನ ಡ್ರಾಯರಲ್ಲಿ ಹನ್ನೊಂದು ನಿಬ್ಬು ಇವೆ ಮಾಧು, ಎಲ್ಲ ಈ ವರ್ಷದ್ದೇ, ಒಂದೂ ಸವೆದಿಲ್ಲ. ಶನಿವಾರ ನಾನು ಮಲ್ಲೇಶ್ವರಕ್ಕೆ ಬಂದಿದ್ದೆ, ಕಳ್ಳನ ಹಾಗೆ ಎದುರು ಫುಟ್‌ಪಾತಲ್ಲಿ ನಿಂತಿದ್ದೆ. ದರ್ಶಿನಿಯಲ್ಲಿ ನೀನೂ ಅಕ್ಕನೂ ಕಾಫಿ ಕುಡೀತಿದ್ರಿ. ನೀನು ಲೋಟವನ್ನ ಎರಡು ಕೈಯಲ್ಲಿ ಹಿಡಿದಿದ್ದೆ. ಮಧ್ಯಾಹ್ನ ಎರಡು ಗಂಟೆ, ಚಳಿ ಇರಲಿಲ್ಲ. ನನ್ನ ಹಾಗೆ ನೀನೂ ಯಾರಿಗೂ ಹೇಳದೆ ಏನನ್ನೋ ಇಟ್ಟುಕೊಂಡಿದ್ದೀಯ ಅಂತ ಅವತ್ತು ಅನ್ನಿಸಿತು. ಇಲ್ಲದಿದ್ರೆ ಬಯ್ಯಿ.

ನಿನ್ನೆ ಒಬ್ಬನೇ ಡಾಕ್ಟರ ಹತ್ತಿರ ಹೋದೆ. ತಿಂಗಳಿಗೊಂದರಂತೆ ಹದಿನಾಲ್ಕು ಸ್ಕ್ಯಾನ್ ಪ್ರಿಂಟ್ ಹಾಕಿಸಿ ಕೊಂಡುಹೋಗಿದ್ದೆ. ಆಯಮ್ಮ ಅವನ್ನ ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದ್ರು. ಕಾಗದ ನೋಡಿ ರೋಗ ಹೇಳೋಕಾಗಲ್ಲ, ನಡುಕಕ್ಕೆ ಹತ್ತಾರು ಕಾರಣ ಇರುತ್ತೆ, ಕೆಲವು ಮಾತ್ರೆಗೆ ಬಗ್ಗುತ್ತೆ, ಕೆಲವಕ್ಕೆ ಬೇಗ ಬರಬೇಕು, ಮಾವನಿಗೆ ಬಂದದ್ದೇ ಇದು ಅನ್ನೋ ಹಾಗೂ ಇಲ್ಲ, ಅಲ್ಲ ಅನ್ನೋ ಹಾಗೂ ಇಲ್ಲ ಅಂದ್ರು. ಕೊನೆಗೆ ಹಾಳೆಗಳನ್ನ ಜೋಡಿಸಿ ನನ್ನ ಕೈಗೆ ಕೊಡ್ತಾ ಹೇಳಿದ್ರು, 'ಈ ಕೈ ಒಂದು ವರ್ಷದಿಂದ ಹೇಳ್ತಾನೇ ಇದೆ. ನೀವೇ ಅದರ ಬಾಯಿ ಮುಚ್ಚಿಸಿದ್ದೀರಿ.'

ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತೆ. ವಾಚ್‌ಮನ್ ನೀರು ತಂದು ಕೊಟ್ಟು, ಯಾರು ಹೋದ್ರು ಸಾರ್ ಅಂತ ಕೇಳಿದ.

ಹದಿನಾಲ್ಕು ತಿಂಗಳು ನಾನು ತಿಂದುಹಾಕಿದ್ದೀನಿ. ಅದನ್ನ ವಾಪಸ್ ತರೋಕೆ ನನ್ನ ಕೈಲಾಗಲ್ಲ. ನನ್ನನ್ನ ಕ್ಷಮಿಸು ಅಂತ ಈ ಕಾಗದ ಬರೀತಿಲ್ಲ, ಮನೆಗೆ ಬಾ ಅಂತಲೂ ಅಲ್ಲ. ನನ್ನ ಜೊತೆ ಬರೋಕೆ ಮನಸ್ಸಿಲ್ಲದಿದ್ರೆ ವಾಣಿ ಅಕ್ಕನ ಜೊತೆ ಹೋಗು, ಡಾಕ್ಟರ ಚೀಟಿ ಲಕೋಟೆ ಒಳಗಿದೆ, ನಾನು ಆ ಬೀದಿಗೂ ಬರಲ್ಲ. ಆದರೆ ಭಾನುವಾರ ಅಷ್ಟು ಜನರ ಮುಂದೆ, ಆ ಪರದೆ ಮೇಲೆ, ನಿನಗೆ ಮೊದಲನೇ ಸಲ ಗೊತ್ತಾಗಬಾರದು. ಎಲೆ ತೆಗೆದ ಹಾಲ್‌ನಲ್ಲಿ ನೀನು ಅಂದ ಆ ಮಾತನ್ನ ವಾಪಸ್ ತಗೋ ಮಾಧು. ಅದೊಂದು ಮಾತಿಗೆ ಹೆದರಿ ನಾನು ಇಷ್ಟು ಮಾಡಿದೆ. ನೀನು ಚಿತ್ರ ಬಿಡಿಸದಿದ್ರೂ ನನಗೆ ಬೇಕು. ಬಯ್ತಾ ಇದ್ರೂ ಬೇಕು. ಮಲ್ಲೇಶ್ವರದಲ್ಲೇ ಇದ್ದುಕೊಂಡು ಬದುಕಿದ್ರೂ ಸಾಕು.

ನಿನ್ನ ಧೂಳಿಗೆ ಮಾತ್ರ ಲಾಯಕ್ಕಾದ,
ಬದರೀನಾರಾಯಣ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಅವತ್ತು ನೀನು ಎಲ್ಲ ಫೈಲ್ ತೆರೆದೆ, ನೂರಾ ಹನ್ನೆರಡನ್ನ ಮಾತ್ರ ತೆರೆಯಲಿಲ್ಲ. ನಾನೇ ಮಾಡಿದ್ದು ಅಂತ ಮೊದಲೇ ಒಪ್ಪಿಕೊಂಡಿದ್ದೆನಲ್ಲ, ಅದಕ್ಕೆ. ಈಗ ತೆರೆದು ನೋಡು. ಅದರಲ್ಲಿ ಇರೋದು ಒಂದೇ ಲೇಯರ್, ನಿನ್ನ ಮೂಲ ಗೆರೆಯದು. ಆ ಗುರುವಾರ ಅಜ್ಜಿಯ ಕೈಯನ್ನ ಏಳು ಸಲ ತಿದ್ದಿದೆ, ಏಳು ಸಲವೂ ಅದು ಸತ್ತ ಕೈ ಥರ ಕಂಡಿತು, ಎಲ್ಲ ಅಳಿಸಿ ಧೂಳಷ್ಟೇ ತೆಗೆದು ಹಾಕಿದೆ. ನಾನು ನಡುಗಿಸಿದೆ ಅಂದದ್ದು ಸುಳ್ಳು. ಜನ ಬಸ್ಸಲ್ಲಿ ಕೂತು ಅತ್ತದ್ದು ನಿನ್ನ ಗೆರೆಗೆ. ಆ ಕೈಯನ್ನ ಶುಕ್ರವಾರ ಹತ್ತೂವರೆಗೆ ಕರ್ಕೊಂಡು ಬಾ.